ಕ್ಯಾಪಿಲರಿ ಎಲೆಕ್ಟ್ರೊಫೊರೆಸಿಸ್ ಬಳಸಿ ಮೈಸೆಲ್ ರಚನೆಯನ್ನು ಅಳೆಯುವುದು: ಒಂದು ಸಮಗ್ರ ಮಾರ್ಗದರ್ಶಿ

ಸರ್ಫ್ಯಾಕ್ಟಂಟ್ ಅಣುವಿಗೆ ನೀರನ್ನು ಬಯಸುವ ಒಂದು ತಲೆಯೂ ನೀರಿನಿಂದ ದೂರ ಸರಿಯುವ ಒಂದು ಉದ್ದನೆಯ ಬಾಲವೂ ಇರುತ್ತವೆ. ದ್ರಾವಣದಲ್ಲಿ ಅದರ ಸಾರತೆ ಕಡಿಮೆಯಿರುವಾಗ ಅಣುಗಳು ಬಿಡಿಬಿಡಿಯಾಗಿ ಓಡಾಡಿಕೊಂಡಿರುತ್ತವೆ. ಸಾರತೆ ಒಂದು ಮಟ್ಟವನ್ನು ದಾಟಿದೊಡನೆ ಬಾಲಗಳು ಒಳಗೆ, ತಲೆಗಳು ಹೊರಗೆ ಬರುವಂತೆ ಅಣುಗಳು ಗುಂಪುಗೂಡಿ ಮೈಸೆಲ್‌ಗಳಾಗುತ್ತವೆ. ಆ ಮಟ್ಟವೇ ಕ್ರಾಂತಿಕ ಮೈಸೆಲ್ ಸಾರತೆ. ಪ್ರಯೋಗಾಲಯದಲ್ಲಿ ಎಲ್ಲರೂ ಸಿಎಂಸಿ ಎಂದೇ ಕರೆಯುತ್ತಾರೆ. ಸೋಡಿಯಂ ಡೊಡೆಸಿಲ್ ಸಲ್ಫೇಟ್, ಅಂದರೆ ಎಸ್‌ಡಿಎಸ್, 25 ಡಿಗ್ರಿ ಸೆಲ್ಸಿಯಸ್‌ನ ಶುದ್ಧ ನೀರಿನಲ್ಲಿ ಸುಮಾರು 8 ಮಿಲಿಮೋಲಾರ್‌ನಲ್ಲಿ ಮೈಸೆಲ್ ಕಟ್ಟುತ್ತದೆ. ಒಂದೊಂದು ಮೈಸೆಲ್‌ನಲ್ಲಿ ಸರಾಸರಿ 60ರ ಆಸುಪಾಸು ಅಣುಗಳಿರುತ್ತವೆ, ವ್ಯಾಸ ಸುಮಾರು 4 ನ್ಯಾನೋಮೀಟರ್.

ಸಿಎಂಸಿ ಅಳೆಯಲು ಮೇಲ್ಮೈ ಕರ್ಷಣ, ವಾಹಕತೆ, ಪ್ರತಿದೀಪ್ತಿ ಮುಂತಾದ ಹಳೆಯ, ನಂಬಿಕಸ್ಥ ವಿಧಾನಗಳಿವೆ. ಆದರೆ ಎಸ್‌ಡಿಎಸ್‌ನಲ್ಲಿ ಡೊಡೆಕನಾಲ್ ಎಂಬ ಕಲ್ಮಶ ಲೇಶಮಾತ್ರ ಬೆರೆತಿದ್ದರೂ ಮೇಲ್ಮೈ ಕರ್ಷಣದ ರೇಖೆ ಸಿಎಂಸಿಯ ಬಳಿ ಕುಸಿದು ಮತ್ತೆ ಏರುತ್ತದೆ. ಬಫರಿನ, ಅಂದರೆ ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣದ, ಉಪ್ಪು ಹೆಚ್ಚಾದಂತೆ ವಾಹಕತೆಯ ತಿರುವು ಮಸುಕಾಗುತ್ತದೆ. ಕ್ಯಾಪಿಲರಿ ಎಲೆಕ್ಟ್ರೊಫೊರೆಸಿಸ್, ಅಂದರೆ ಕೂದಲೆಳೆಯಷ್ಟು ಸಣ್ಣ ಕೊಳವೆಗೆ ದ್ರಾವಣ ತುಂಬಿ, ವೋಲ್ಟೇಜ್ ಕೊಟ್ಟು ಅಣುಗಳ ಚಲನೆ ಅಳೆಯುವ ವಿಧಾನ, ಮೈಸೆಲ್ಲನ್ನು ವಿದ್ಯುತ್ ಕ್ಷೇತ್ರದಲ್ಲಿ ಚಲಿಸುವ ಒಂದು ವಸ್ತುವಾಗಿಯೇ ನೋಡುತ್ತದೆ. ಮೈಸೆಲ್ ಹುಟ್ಟುವವರೆಗೆ ವಿದ್ಯುದಾವೇಶವಿಲ್ಲದ ಅಣುವೊಂದು (ಇದೇ ನಮ್ಮ ಗುರುತು ಅಣು) ದ್ರವದ ಜೊತೆಗೇ ಹರಿಯುತ್ತದೆ, ಮೈಸೆಲ್ ಹುಟ್ಟಿದ ಮೇಲೆ ಅದರೊಳಗೆ ಸೇರಿ ಬೇರೆ ವೇಗ ಪಡೆಯುತ್ತದೆ. ಬೇಕಾಗುವ ದ್ರಾವಣ ಕೆಲವೇ ಮಿಲಿಲೀಟರ್, ಬಫರಿನ ಉಪ್ಪು ಅಡ್ಡಿಯಾಗುವುದಿಲ್ಲ. ಆದರೆ ಹೀಗೆ ಸಿಗುವ ಸಂಖ್ಯೆ ಆ ಬಫರಿಗೆ, ಆ ಉಷ್ಣತೆಗೆ, ಆ ಗುರುತು ಅಣುವಿಗೆ ಸೇರಿದ ಸಂಖ್ಯೆ. ಗ್ರಾಫಿನಲ್ಲಿ ಕಂಡ ತಿರುವು ನಿಜಕ್ಕೂ ಮೈಸೆಲ್‌ನಿಂದಲೇ ಬಂದದ್ದೋ, ಕಾವಿನಿಂದಲೋ ಗಾಜಿನ ಗೋಡೆಯಿಂದಲೋ ಬಂದದ್ದೋ ಎಂಬುದನ್ನು ಪ್ರತಿ ಹಂತದಲ್ಲೂ ಖಚಿತಪಡಿಸಿಕೊಳ್ಳುವುದೇ ಈ ಕೆಲಸದ ಮುಖ್ಯ ಭಾಗ, ಮತ್ತು ಈ ಬರಹದ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ತತ್ತ್ವ

ಸಾಬೂನಿನ ದ್ರಾವಣದಲ್ಲಿ ಅಣುಗಳು ಗುಂಪುಗೂಡುತ್ತವೆ ಎಂಬ ವಿಚಾರವನ್ನು ಜೇಮ್ಸ್ ಮೆಕ್‌ಬೇನ್ 1913ರಲ್ಲಿ ಮುಂದಿಟ್ಟರು. ಸ್ವೀಡನ್ನಿನ ಆರ್ನೆ ಟಿಸೆಲಿಯಸ್ 1937ರಲ್ಲಿ ಪ್ರಕಟಿಸಿದ ಎಲೆಕ್ಟ್ರೊಫೊರೆಸಿಸ್ ಉಪಕರಣದ ಕೆಲಸಕ್ಕೆ 1948ರ ನೊಬೆಲ್ ಬಂದಿತು. 1981ರಲ್ಲಿ ಜಾರ್ಗನ್‌ಸನ್ ಮತ್ತು ಲೂಕಾಕ್ಸ್ ಅದನ್ನು 75 ಮೈಕ್ರೊಮೀಟರ್ ಒಳವ್ಯಾಸದ ಗಾಜಿನ ಕ್ಯಾಪಿಲರಿಗೆ ಇಳಿಸಿದರು. 1984ರಲ್ಲಿ ಜಪಾನಿನ ಶಿಗೇರು ತೆರಾಬೆ ಮತ್ತು ಸಂಗಡಿಗರು ಆ ಕ್ಯಾಪಿಲರಿಯೊಳಗೆ ಎಸ್‌ಡಿಎಸ್ ಮೈಸೆಲ್ ತುಂಬಿ, ವಿದ್ಯುದಾವೇಶವಿಲ್ಲದ ಅಣುಗಳನ್ನೂ ಬೇರ್ಪಡಿಸಬಹುದೆಂದು ತೋರಿಸಿದರು. ಅವರು ಅಣುಗಳನ್ನು ತಿಳಿಯಲು ಮೈಸೆಲ್ ಬಳಸಿದರು. ನಾವಿಲ್ಲಿ ಮೈಸೆಲ್ಲನ್ನು ತಿಳಿಯಲು ಒಂದು ಪರಿಚಿತ ಅಣುವನ್ನು ಬಳಸುತ್ತೇವೆ.

ಕ್ಷಾರೀಯ ಬಫರಿನಲ್ಲಿ ಸಿಲಿಕಾ ಕ್ಯಾಪಿಲರಿಯ ಒಳಗೋಡೆ ಋಣಾವೇಶ ಹೊಂದುತ್ತದೆ. ವೋಲ್ಟೇಜ್ ಕೊಟ್ಟಾಗ ಗೋಡೆಯ ಬಳಿಯ ಧನ ಅಯಾನುಗಳು ಕ್ಯಾಥೋಡ್ ಕಡೆ ಸರಿಯುತ್ತಾ ಇಡೀ ದ್ರವವನ್ನು ಎಳೆದುಕೊಂಡು ಹೋಗುತ್ತವೆ. ಇದು ಎಲೆಕ್ಟ್ರೊಆಸ್ಮಾಟಿಕ್ ಹರಿವು, ಚಿಕ್ಕದಾಗಿ ಇಒಎಫ್. ಎಸ್‌ಡಿಎಸ್ ಮೈಸೆಲ್‌ನ ಮೈ ಋಣಾವೇಶದ್ದಾದ್ದರಿಂದ ಅದು ಆನೋಡ್ ಕಡೆಗೆ ಹೋಗಲು ಹೊರಡುತ್ತದೆ. ಆದರೆ ಹೊಳೆಯ ಸೆಳೆತಕ್ಕೆ ಎದುರಾಗಿ ಹುಟ್ಟು ಹಾಕಿದರೂ ಕೆಳಕ್ಕೇ ಜಾರುವ ದೋಣಿಯಂತೆ, ಒಟ್ಟಾರೆ ಅದೂ ಕ್ಯಾಥೋಡ್ ಕಡೆಗೇ ನಿಧಾನವಾಗಿ ಸಾಗುತ್ತದೆ. ನ್ಯಾಫ್ತಲೀನಿನಂಥ ತಟಸ್ಥ ಅಣು ಸಿಎಂಸಿಗಿಂತ ಕೆಳಗೆ ಇಒಎಫ್ ಜೊತೆಗೇ ಡಿಟೆಕ್ಟರ್ ತಲುಪುತ್ತದೆ. ಸಿಎಂಸಿ ದಾಟಿದ ಮೇಲೆ ತನ್ನ ಕಾಲದ ಒಂದಂಶವನ್ನು ಮೈಸೆಲ್‌ನೊಳಗೆ ಕಳೆಯುವುದರಿಂದ ತಡವಾಗಿ ಬರುತ್ತದೆ. ಎಷ್ಟು ತಡ ಎಂಬುದರಲ್ಲಿ ನಮಗೆ ಬೇಕಾದ ಮಾಹಿತಿಯೆಲ್ಲ ಅಡಗಿದೆ.

ಇದನ್ನು ಬಳಸಿಕೊಳ್ಳಲು ಮೂರು ದಾರಿಗಳಿವೆ. ಗುರುತು ಅಣುವಿನ ಚಲನಶೀಲತೆಯನ್ನು, ಅಂದರೆ ವಿದ್ಯುತ್ ಕ್ಷೇತ್ರದಲ್ಲಿ ಅದು ಎಷ್ಟು ವೇಗವಾಗಿ ಸರಿಯುತ್ತದೆ ಎಂಬುದನ್ನು, ಸರ್ಫ್ಯಾಕ್ಟಂಟ್ ಸಾರತೆಯ ಎದುರು ಗುರುತಿಸಿ ತಿರುವು ಹುಡುಕುವುದು ಒಂದು. ಅದೇ ದತ್ತಾಂಶದಿಂದ ಧಾರಣಾಂಕ (ಮೈಸೆಲ್‌ನಲ್ಲಿರುವ ಗುರುತು ಅಣುವಿಗೂ ನೀರಿನಲ್ಲಿರುವುದಕ್ಕೂ ಇರುವ ಅನುಪಾತ) ಲೆಕ್ಕಹಾಕಿ, ಅದು ಸೊನ್ನೆಯಾಗುವ ಸಾರತೆಯನ್ನು ಓದುವುದು ಇನ್ನೊಂದು. ಕ್ಯಾಪಿಲರಿಯನ್ನು ಬರಿಯ ವಾಹಕತಾ ಕೋಶವಾಗಿ ಬಳಸಿ ವಿದ್ಯುತ್ ಪ್ರವಾಹವನ್ನಷ್ಟೇ ಅಳೆಯುವುದು ಮೂರನೆಯದು. ಮೊದಲೆರಡಕ್ಕೆ ಒಂದೇ ಪ್ರಯೋಗ ಸಾಕು, ಲೆಕ್ಕ ಮಾತ್ರ ಬೇರೆ. ಕೆಳಗಿನ ವಿವರಣೆಯನ್ನು ಬೋರೇಟ್ ಬಫರಿನಲ್ಲಿನ ಎಸ್‌ಡಿಎಸ್‌ಗೆ ಹೊಂದಿಸಿದ್ದೇನೆ. ಇದರಲ್ಲಿ ಏನು ಬರಬೇಕೆಂದು ಮೊದಲೇ ಗೊತ್ತಿರುವುದರಿಂದ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ.

ದ್ರಾವಣಗಳ ತಯಾರಿ

ಪ್ರಯೋಗ ಕೆಡುವುದು ಹೆಚ್ಚಾಗಿ ಉಪಕರಣದಲ್ಲಲ್ಲ, ಇಲ್ಲಿ. ಮೊದಲು ಗಾಜಿನ ಪಾತ್ರೆಗಳನ್ನು ನೋಡಿ. ಡಿಟರ್ಜೆಂಟ್ ಹಾಕಿ ತೊಳೆದ ಫ್ಲಾಸ್ಕ್‌ನಲ್ಲಿ ಸರ್ಫ್ಯಾಕ್ಟಂಟ್ ಅಧ್ಯಯನ ಮಾಡಬಾರದು. ಎಥನಾಲ್‌ನಿಂದ ತೊಳೆದು, ಶುದ್ಧೀಕರಿಸಿದ ನೀರಿನಲ್ಲಿ ಹಲವು ಸಲ ಜಾಲಿಸಿ ಒಣಗಿಸಿದವನ್ನೇ ಈ ಕೆಲಸಕ್ಕೆಂದು ಬೇರೆ ಇಟ್ಟುಕೊಳ್ಳಿ.

ಬಫರಿಗೆ 3.814 ಗ್ರಾಂ ಸೋಡಿಯಂ ಟೆಟ್ರಾಬೋರೇಟ್ ಡೆಕಾಹೈಡ್ರೇಟನ್ನು, ಅಂದರೆ ಸ್ಫಟಿಕ ಬೊರಾಕ್ಸನ್ನು, ನೀರಿನಲ್ಲಿ ಕರಗಿಸಿ 1 ಲೀಟರಿಗೆ ತನ್ನಿ. ಇದು 10 ಮಿಲಿಮೋಲಾರ್ ದ್ರಾವಣ, ಪಿಎಚ್ ಸುಮಾರು 9.2. ಒಂದೊಂದು ಬೊರಾಕ್ಸ್ ಘಟಕ ಎರಡು ಸೋಡಿಯಂ ಅಯಾನುಗಳನ್ನು ಕೊಡುವುದರಿಂದ ಸೋಡಿಯಂ 20 ಮಿಲಿಮೋಲಾರ್ ಇರುತ್ತದೆ. ಈ 20ನ್ನು ಬರೆದಿಟ್ಟುಕೊಳ್ಳಿ. ಫಲಿತಾಂಶವನ್ನು ಪರಿಶೀಲಿಸುವಾಗ ಬೇಕಾಗುತ್ತದೆ.

ಪಿಎಚ್ ಅಳೆಯುವುದನ್ನು ಎಸ್‌ಡಿಎಸ್ ಸೇರಿಸುವ ಮೊದಲೇ ಮುಗಿಸಿ. ಸಾಮಾನ್ಯ ಪಿಎಚ್ ಎಲೆಕ್ಟ್ರೋಡ್‌ನೊಳಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಇರುತ್ತದೆ. ಪೊಟ್ಯಾಸಿಯಂ ಅಯಾನು ಡೊಡೆಸಿಲ್ ಸಲ್ಫೇಟ್ ಜೊತೆ ಸೇರಿದರೆ ಕೋಣೆಯ ಉಷ್ಣತೆಯಲ್ಲಿ ಸರಿಯಾಗಿ ಕರಗದ ಬಿಳಿಯ ಲವಣವಾಗುತ್ತದೆ. ಆ ಬಿಳಿ ಪದಾರ್ಥ ಎಲೆಕ್ಟ್ರೋಡ್‌ನ ರಂಧ್ರವನ್ನು ಮುಚ್ಚಿಹಾಕುತ್ತದೆ, ರೀಡಿಂಗ್ ಅತ್ತಿತ್ತ ಅಲೆಯತೊಡಗುತ್ತದೆ. ಇದೇ ಕಾರಣಕ್ಕೆ ಎಸ್‌ಡಿಎಸ್ ಇರುವ ಕೆಲಸದಲ್ಲಿ ಪೊಟ್ಯಾಸಿಯಂ ಫಾಸ್ಫೇಟ್ ಬಫರ್ ಬಳಸಲೇಬಾರದು. ಎಲೆಕ್ಟ್ರೋಡ್ ಬದಲು ಕ್ಯಾಪಿಲರಿಯೇ ಕಟ್ಟಿಕೊಳ್ಳುತ್ತದೆ.

ಎಸ್‌ಡಿಎಸ್ 99 ಶೇಕಡಾಕ್ಕಿಂತ ಶುದ್ಧವಾಗಿರಲಿ. ಸಂಶಯವಿದ್ದರೆ ಎಥನಾಲ್‌ನಿಂದ ಮರುಸ್ಫಟಿಕೀಕರಿಸಿ. ಅದರ ಅಣುತೂಕ 288.38. 1.442 ಗ್ರಾಂ ತೂಗಿ ಅದೇ ಬೋರೇಟ್ ಬಫರಿನಲ್ಲಿ ಕರಗಿಸಿ 100 ಮಿಲಿಲೀಟರಿಗೆ ತಂದರೆ 50 ಮಿಲಿಮೋಲಾರ್ ಮೂಲ ದ್ರಾವಣ ಸಿದ್ಧ. ನೀರಿನಲ್ಲಿ ಕರಗಿಸಿ ಆಮೇಲೆ ಬಫರ್ ಸೇರಿಸುವ ಅಭ್ಯಾಸ ಬೇಡ. ಮೂಲ ದ್ರಾವಣವೂ ದುರ್ಬಲಗೊಳಿಸುವ ದ್ರವವೂ ಒಂದೇ ಬಫರಿನವಾಗಿದ್ದರೆ ಮಾತ್ರ ಬೋರೇಟ್ ಸಾರತೆ ಸರಣಿಯುದ್ದಕ್ಕೂ ಬದಲಾಗದೆ ಉಳಿಯುತ್ತದೆ. ಕರಗಿಸುವಾಗ ಕುಲುಕಬೇಡಿ, ಮೆಲ್ಲನೆ ತಿರುಗಿಸಿ. ನೊರೆಯೆದ್ದ ಫ್ಲಾಸ್ಕ್‌ನಲ್ಲಿ ಗೆರೆಗೆ ಸರಿಯಾಗಿ ದ್ರವ ತುಂಬುವುದು ಸಾಧ್ಯವೇ ಇಲ್ಲ; ಹಾಗಾದರೆ ತೂಕದ ಮೇಲೆ ದ್ರಾವಣ ಮಾಡುವುದು ಉತ್ತಮ.

ಈಗ 10 ಮಿಲಿಲೀಟರಿನ ಸರಣಿಯೊಂದನ್ನು ಮಾಡಿ. 4 ಮಿಲಿಮೋಲಾರ್‌ಗೆ ಮೂಲ ದ್ರಾವಣ 0.8 ಮಿಲಿಲೀಟರ್, ಉಳಿದದ್ದು ಬಫರ್, ಮಿಕ್ಕವೂ ಹೀಗೆಯೇ. ಸೊನ್ನೆ, 1, 2, 3 ಆದ ಮೇಲೆ ಹೆಜ್ಜೆಗಳನ್ನು ಚಿಕ್ಕದು ಮಾಡಿ, 3.25ರಿಂದ 5ರವರೆಗೆ ಕಾಲು ಕಾಲು ಮಿಲಿಮೋಲಾರ್ ಅಂತರವಿರಲಿ. ಆಮೇಲೆ 6, 8, 10, 15, 20. ತಿರುವಿನ ಎರಡೂ ಬದಿಯಲ್ಲಿ ಕನಿಷ್ಠ ಐದು ಬಿಂದುಗಳಿಲ್ಲದ ಗ್ರಾಫನ್ನು ನಾನು ಒಪ್ಪಿಕೊಳ್ಳುವುದಿಲ್ಲ. 0.45 ಮೈಕ್ರೊಮೀಟರ್ ಫಿಲ್ಟರ್‌ನಲ್ಲಿ ಸೋಸುವಾಗ ಮೊದಲ ಒಂದೆರಡು ಮಿಲಿಲೀಟರ್ ಚೆಲ್ಲಿಬಿಡಿ, ಏಕೆಂದರೆ ಹೊಸ ಪೊರೆ ಒಂದಿಷ್ಟು ಸರ್ಫ್ಯಾಕ್ಟಂಟನ್ನು ಹೀರಿಕೊಳ್ಳುತ್ತದೆ.

ಎಸ್‌ಡಿಎಸ್ ದ್ರಾವಣ ತಂಪಾದರೆ ಹರಳುಗಟ್ಟುತ್ತದೆ. ಬೆಂಗಳೂರಿನ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಉಷ್ಣತೆ 15 ಡಿಗ್ರಿಯ ಹತ್ತಿರಕ್ಕೆ ಇಳಿಯುವುದುಂಟು. ರಾತ್ರಿ ಬೆಂಚಿನ ಮೇಲೆ ಬಿಟ್ಟ ಮೂಲ ದ್ರಾವಣದ ತಳದಲ್ಲಿ ಬೆಳಿಗ್ಗೆ ತೆಳ್ಳನೆಯ ಹೊಳೆಯುವ ಚಕ್ಕೆಗಳು ಕಂಡರೆ, 30 ಡಿಗ್ರಿಯ ನೀರಿನಲ್ಲಿಟ್ಟು ಪೂರ್ತಿ ಕರಗಿದ ಮೇಲೆಯೇ ಬಳಸಿ. ಮೇಲಿನ ತಿಳಿಯನ್ನಷ್ಟೇ ತೆಗೆದುಕೊಂಡರೆ ಸಾರತೆ ಎಷ್ಟೆಂದು ಯಾರಿಗೂ ತಿಳಿಯದು.

ಗುರುತು ಅಣುಗಳು

ಮೂರು ಬೇಕು. ಇಒಎಫ್ ಗುರುತಿಸಲು ಥಯೋಯೂರಿಯಾ. ಅದು ನೀರಿನಲ್ಲೇ ಉಳಿಯುತ್ತದೆ, ಮೈಸೆಲ್ಲನ್ನು ಹೊಕ್ಕುವುದಿಲ್ಲ. ಮೈಸೆಲ್‌ನ ಸ್ವಂತ ವೇಗ ತಿಳಿಯಲು ಸುಡಾನ್ 3 ಎಂಬ ಬಣ್ಣ. ಇದು ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು, ಹಾಗಾಗಿ ಪೂರ್ತಿ ಮೈಸೆಲ್‌ನೊಳಗೇ ಪಯಣಿಸುತ್ತದೆ. ಇವೆರಡರ ನಡುವೆ ಓಡಾಡುವ ಅಣುವಾಗಿ ನ್ಯಾಫ್ತಲೀನ್.

ನ್ಯಾಫ್ತಲೀನ್ 12.8 ಮಿಲಿಗ್ರಾಂ ತೂಗಿ 10 ಮಿಲಿಲೀಟರ್ ಮೆಥನಾಲ್‌ನಲ್ಲಿ ಕರಗಿಸಿದರೆ 10 ಮಿಲಿಮೋಲಾರ್ ಆಗುತ್ತದೆ. ಇದರ 5 ಮೈಕ್ರೊಲೀಟರನ್ನು 1 ಮಿಲಿಲೀಟರ್ ಓಟದ ದ್ರಾವಣಕ್ಕೆ, ಅಂದರೆ ಆ ಅಳತೆಯಲ್ಲಿ ಕ್ಯಾಪಿಲರಿಗೆ ತುಂಬುವ ಎಸ್‌ಡಿಎಸ್ ದ್ರಾವಣಕ್ಕೆ, ಸೇರಿಸಿದರೆ 0.05 ಮಿಲಿಮೋಲಾರ್ ಮಾದರಿ ಸಿಗುತ್ತದೆ, ಮೆಥನಾಲ್ ಅರ್ಧ ಶೇಕಡಾ ಮಾತ್ರ. ನೀರಿನಲ್ಲಿ ನ್ಯಾಫ್ತಲೀನಿನ ಕರಗುವಿಕೆ ಸುಮಾರು 0.24 ಮಿಲಿಮೋಲಾರ್ ಆದ್ದರಿಂದ ಮೈಸೆಲ್ ಇಲ್ಲದ ದ್ರಾವಣದಲ್ಲೂ ಅದು ಕರಗಿಯೇ ಇರುತ್ತದೆ. 220 ನ್ಯಾನೋಮೀಟರಿನ ಸುತ್ತ ಅದು ಬಲವಾಗಿ ಬೆಳಕು ಹೀರುವುದರಿಂದ ಇಷ್ಟು ಕಡಿಮೆ ಸಾರತೆಯಲ್ಲೂ ಶಿಖರ ಚೆನ್ನಾಗಿ ಕಾಣುತ್ತದೆ. ಶಿಖರ ಇನ್ನೂ ಎತ್ತರ ಬರಲೆಂದು ನ್ಯಾಫ್ತಲೀನ್ ಹೆಚ್ಚಿಸಬಾರದು. ಮೈಸೆಲ್‌ನೊಳಗೆ ಸೇರುವ ಪ್ರತಿಯೊಂದು ಅಣುವೂ ಮೈಸೆಲ್‌ನ ಸಮತೋಲನವನ್ನು ಸ್ವಲ್ಪ ಬದಲಿಸುತ್ತದೆ. ಅಳೆಯುವ ಅಣು ಅಳತೆಯನ್ನೇ ತಿರುಚದಷ್ಟು ಕಡಿಮೆ ಇರಬೇಕು.

ಮಾದರಿಯನ್ನು ಯಾವಾಗಲೂ ಆಯಾ ಓಟದ ಎಸ್‌ಡಿಎಸ್ ದ್ರಾವಣದಲ್ಲೇ ತಯಾರಿಸಿ. ಮಾದರಿಯಲ್ಲಿ ಬರಿಯ ಮೆಥನಾಲ್ ಇದ್ದರೆ ಅದು ಕ್ಯಾಪಿಲರಿಯೊಳಗೆ ಹೊಕ್ಕ ಜಾಗದಲ್ಲಿ ಮೈಸೆಲ್‌ಗಳು ಒಡೆದುಹೋಗುತ್ತವೆ, ಶಿಖರ ಹರಡಿಕೊಳ್ಳುತ್ತದೆ, ಕಾಲ ತಪ್ಪುತ್ತದೆ.

ಕ್ಯಾಪಿಲರಿ ಮತ್ತು ವೋಲ್ಟೇಜ್

50 ಮೈಕ್ರೊಮೀಟರ್ ಒಳವ್ಯಾಸದ ಸಿಲಿಕಾ ಕ್ಯಾಪಿಲರಿಯನ್ನು 50 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಹೊರತುದಿಯಿಂದ 8.5 ಸೆಂಟಿಮೀಟರ್ ದೂರದಲ್ಲಿ ಪಾಲಿಇಮೈಡ್ ಲೇಪವನ್ನು ಸುಟ್ಟು ಬೆಳಕಿನ ಕಿಂಡಿ ಮಾಡಿ. ಆಗ ಡಿಟೆಕ್ಟರ್‌ವರೆಗಿನ ಪರಿಣಾಮಕ ಉದ್ದ 41.5 ಸೆಂಟಿಮೀಟರ್. ಲೇಪ ಹೋದ ಜಾಗದಲ್ಲಿ ಗಾಜು ಬಹಳ ಸುಲಭವಾಗಿ ಮುರಿಯುತ್ತದೆ. ಎಥನಾಲ್ ಹಚ್ಚಿದ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಒರೆಸಿ, ಬಾಗಿಸಬೇಡಿ. ಇಡೀ ಕ್ಯಾಪಿಲರಿಯೊಳಗೆ ಹಿಡಿಯುವ ದ್ರವ ಸುಮಾರು 1 ಮೈಕ್ರೊಲೀಟರ್ ಮಾತ್ರ.

ಹೊಸ ಕ್ಯಾಪಿಲರಿಗೆ 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 30 ನಿಮಿಷ, ನೀರು 10 ನಿಮಿಷ, ಬಫರ್ 20 ನಿಮಿಷ ಹಾಯಿಸಿ. ಎರಡು ಓಟಗಳ ನಡುವೆ 0.1 ಮೋಲಾರ್ ಹೈಡ್ರಾಕ್ಸೈಡ್ 2 ನಿಮಿಷ, ನೀರು 2 ನಿಮಿಷ, ಮುಂದಿನ ಓಟದ ದ್ರಾವಣ 4 ನಿಮಿಷ ಸಾಕಾಗುತ್ತದೆ. ಈ ತೊಳೆತದಲ್ಲಿ ಒಂದು ನಿಮಿಷ ಉಳಿಸಲು ಹೋದರೆ ಇಒಎಫ್ ದಿನವಿಡೀ ನಿಧಾನವಾಗಿ ಜಾರುತ್ತಾ ಹೋಗುತ್ತದೆ.

ಕ್ಯಾಪಿಲರಿಯ ಉಷ್ಣತೆಯನ್ನು 25 ಡಿಗ್ರಿಗೆ ಕಟ್ಟಿ. ನಂತರ ವೋಲ್ಟೇಜ್ ಆರಿಸಲು ಓಮ್ ನಿಯಮದ ಪರೀಕ್ಷೆ ಮಾಡಿ. ಸರಣಿಯಲ್ಲಿ ಅತಿ ಹೆಚ್ಚು ಸಾರತೆಯ ದ್ರಾವಣವನ್ನು, ಅಂದರೆ 20 ಮಿಲಿಮೋಲಾರಿನದನ್ನು ತುಂಬಿ, 5ರಿಂದ 30 ಕಿಲೋವೋಲ್ಟ್‌ವರೆಗೆ ಹಂತಹಂತವಾಗಿ ಏರಿಸುತ್ತಾ ಪ್ರವಾಹ ಬರೆದುಕೊಳ್ಳಿ. ರೇಖೆ ಮೇಲಕ್ಕೆ ಬಾಗತೊಡಗಿದರೆ ಕ್ಯಾಪಿಲರಿ ಒಳಗೆ ಕಾಯುತ್ತಿದೆ ಎಂದರ್ಥ, ಏಕೆಂದರೆ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು 2 ಶೇಕಡಾ ಹೆಚ್ಚುತ್ತದೆ. ಬಾಗು ಶುರುವಾಗುವುದಕ್ಕಿಂತ ಸಾಕಷ್ಟು ಕೆಳಗಿನ ವೋಲ್ಟೇಜನ್ನೇ ಆರಿಸಿ. ಪ್ರತಿ ಮೀಟರ್ ಉದ್ದಕ್ಕೆ 1 ವ್ಯಾಟ್ ಮೀರದಂತೆ ನೋಡಿಕೊಳ್ಳುವುದು ರೂಢಿಯಲ್ಲಿರುವ ನಿಯಮ. ಸಾಮಾನ್ಯವಾಗಿ ಈ ಬಫರಿಗೆ 20 ಕಿಲೋವೋಲ್ಟ್ ಸುರಕ್ಷಿತ. ಸರಣಿಯ ಕೊನೆಯಲ್ಲಿ ಕಾವು ಏರಿದರೆ ಸಿಎಂಸಿಯೂ ಸ್ನಿಗ್ಧತೆಯೂ ಒಟ್ಟಿಗೇ ಬದಲಾಗುತ್ತವೆ, ಆಮೇಲೆ ಅವನ್ನು ಬಿಡಿಸಿ ನೋಡಲಾಗದು.

ಮಂಗಳೂರು, ಉಡುಪಿಯಂಥ ಕರಾವಳಿಯ ಊರುಗಳಲ್ಲಿ ಮಳೆಗಾಲದ ತೇವಾಂಶ ಈ ಉಪಕರಣಕ್ಕೆ ಒಳ್ಳೆಯದಲ್ಲ. ಎಲೆಕ್ಟ್ರೋಡ್ ಹಿಡಿಕೆಯ ಮೇಲೆ ಒಣಗಿದ ಬಫರಿನ ಉಪ್ಪು ತೇವ ಹೀರಿಕೊಂಡು ವಿದ್ಯುತ್ ಸೋರುತ್ತದೆ, ಪ್ರವಾಹದ ರೇಖೆಯಲ್ಲಿ ಮೊನಚಾದ ಜಿಗಿತಗಳು ಕಾಣುತ್ತವೆ. ಕೋಣೆಗೆ ಏಸಿ ಹಾಕಿ, ಪ್ರತಿದಿನ ಎಲೆಕ್ಟ್ರೋಡ್‌ಗಳನ್ನು ನೀರಿನಿಂದ ಒರೆಸಿ ಒಣಗಿಸಿ.

ಓಟ

ಒಳಬದಿಯ ವಯಲ್, ಹೊರಬದಿಯ ವಯಲ್, ಕ್ಯಾಪಿಲರಿ ಮೂರರಲ್ಲೂ ಒಂದೇ ಎಸ್‌ಡಿಎಸ್ ಸಾರತೆ ಇರಬೇಕು. ಮಾದರಿಯನ್ನು 50 ಮಿಲಿಬಾರ್ ಒತ್ತಡದಲ್ಲಿ 3 ಸೆಕೆಂಡ್ ತುಂಬಿ. ಒಳಗೆ ಹೋಗುವುದು ಸುಮಾರು 5 ನ್ಯಾನೋಲೀಟರ್. ವೋಲ್ಟೇಜ್ ಕೊಟ್ಟು 214 ಅಥವಾ 220 ನ್ಯಾನೋಮೀಟರಿನಲ್ಲಿ ದಾಖಲಿಸಿ. ಕಡಿಮೆ ಸಾರತೆಯಿಂದ ಹೆಚ್ಚಿನದಕ್ಕೆ ಹೋಗಿ, ಪ್ರತಿಯೊಂದನ್ನೂ ಮೂರು ಸಲ ಮಾಡಿ. ಎಲ್ಲ ಮುಗಿದ ಮೇಲೆ 2 ಮತ್ತು 4 ಮಿಲಿಮೋಲಾರನ್ನು ಮತ್ತೊಮ್ಮೆ ಓಡಿಸಿ. ಮೊದಲಿನ ಬೆಲೆಗಳೇ ಬಂದರೆ ಗೋಡೆಗೆ ಏನೂ ಅಂಟಿ ಉಳಿದಿಲ್ಲ ಎಂದು ನಂಬಬಹುದು. ವಯಲ್‌ಗಳಲ್ಲಿ ವಿದ್ಯುದ್ವಿಭಜನೆಯಿಂದ ಪಿಎಚ್ ಬದಲಾಗುತ್ತದೆ, ಆದ್ದರಿಂದ ಐದಾರು ಓಟಗಳಿಗೊಮ್ಮೆ ಹೊಸ ದ್ರಾವಣ ತುಂಬಿ.

3 ಮಿಲಿಮೋಲಾರಿನಲ್ಲಿ ತೆರೆಯ ಮೇಲೆ ಥಯೋಯೂರಿಯಾ ಮತ್ತು ನ್ಯಾಫ್ತಲೀನ್ ಒಂದೇ ಶಿಖರವಾಗಿ ಬರುತ್ತವೆ. 4ನ್ನು ದಾಟುತ್ತಿದ್ದಂತೆ ಆ ಶಿಖರದ ಬಲಭುಜದಲ್ಲಿ ಒಂದು ಉಬ್ಬು ಮೂಡುತ್ತದೆ, ಮುಂದಿನ ಒಂದೆರಡು ಹೆಜ್ಜೆಗಳಲ್ಲಿ ಅದು ಬೇರ್ಪಟ್ಟು ತನ್ನದೇ ಶಿಖರವಾಗುತ್ತದೆ. ಮೈಸೆಲ್ ರಚನೆ ಕಣ್ಣಿಗೇ ಕಾಣುವ ಹಂತ ಇದು. ಉಬ್ಬು ಮಾತ್ರ ಇರುವ ಓಟಗಳಲ್ಲಿ ಎರಡು ಗುರುತುಗಳನ್ನು ಬೇರೆ ಬೇರೆ ಮಾದರಿಗಳಲ್ಲಿ ತುಂಬಿ ಕಾಲ ಓದುವುದು ಹೆಚ್ಚು ಪ್ರಾಮಾಣಿಕ.

ಲೆಕ್ಕ

ಬರಿಯ ಕಾಲವನ್ನು ಗ್ರಾಫಿಗೆ ಹಾಕಬೇಡಿ. ಎಸ್‌ಡಿಎಸ್ ಹೆಚ್ಚಿದಂತೆ ಇಒಎಫ್ ಕೂಡ ಬದಲಾಗುತ್ತದೆ, ನ್ಯಾಫ್ತಲೀನಿನ ತಡಕ್ಕೆ ಮೈಸೆಲ್ ಕಾರಣವೋ ಹರಿವು ನಿಧಾನವಾದದ್ದು ಕಾರಣವೋ ಎಂದು ಕಾಲವೊಂದರಿಂದಲೇ ಹೇಳಲಾಗದು. ಪರಿಣಾಮಕ ಚಲನಶೀಲತೆ ಹೀಗೆ ಸಿಗುತ್ತದೆ:

ಚಲನಶೀಲತೆ = (ಒಟ್ಟು ಉದ್ದ × ಪರಿಣಾಮಕ ಉದ್ದ ÷ ವೋಲ್ಟೇಜ್) × (1/ಗುರುತಿನ ಕಾಲ − 1/ಇಒಎಫ್ ಕಾಲ)

ಲೆಕ್ಕದ ರೀತಿ ತೋರಿಸಲು ಕೆಲವು ಬೆಲೆಗಳನ್ನು ಇಟ್ಟುಕೊಳ್ಳೋಣ. 10 ಮಿಲಿಮೋಲಾರಿನಲ್ಲಿ ಇಒಎಫ್ 180 ಸೆಕೆಂಡಿಗೆ, ನ್ಯಾಫ್ತಲೀನ್ 240ಕ್ಕೆ, ಸುಡಾನ್ 3 ಬಣ್ಣ 588ಕ್ಕೆ ಬಂದಿತೆನ್ನಿ. ಮೊದಲ ಆವರಣ 50 × 41.5 ÷ 20,000, ಅಂದರೆ 0.10375. ನ್ಯಾಫ್ತಲೀನಿನ ಚಲನಶೀಲತೆ −1.44 × 10⁻⁴, ಮೈಸೆಲ್‌ನದು −4.00 × 10⁻⁴. ಎರಡೂ ಪ್ರತಿ ವೋಲ್ಟ್‌ಗೆ, ಪ್ರತಿ ಸೆಕೆಂಡಿಗೆ ಚದರ ಸೆಂಟಿಮೀಟರ್‌ನಲ್ಲಿ.

ಇನ್ನು ಧಾರಣಾಂಕ, ಅಂದರೆ ಮೈಸೆಲ್‌ನಲ್ಲಿರುವ ನ್ಯಾಫ್ತಲೀನಿಗೂ ನೀರಿನಲ್ಲಿರುವುದಕ್ಕೂ ಇರುವ ಅನುಪಾತ:

ಧಾರಣಾಂಕ = (ಗುರುತಿನ ಕಾಲ − ಇಒಎಫ್ ಕಾಲ) ÷ [ಇಒಎಫ್ ಕಾಲ × (1 − ಗುರುತಿನ ಕಾಲ/ಮೈಸೆಲ್ ಕಾಲ)]

ಮೇಲಿನ ಬೆಲೆಗಳಿಗೆ ಇದು 60 ÷ (180 × 0.592), ಅಂದರೆ 0.563. ಎರಡು ಲೆಕ್ಕಗಳಿಗೂ ಒಂದು ನಂಟಿದೆ: ಗುರುತಿನ ಚಲನಶೀಲತೆಯು ಮೈಸೆಲ್‌ನ ಚಲನಶೀಲತೆಯನ್ನು ಧಾರಣಾಂಕ ÷ (1 + ಧಾರಣಾಂಕ) ಎಂಬ ಭಿನ್ನರಾಶಿಯಿಂದ ಗುಣಿಸಿದಷ್ಟು. 4.00 × 0.360 ಎಂದರೆ ಮತ್ತೆ 1.44. ಇದು ಕೂಡಿಬರದಿದ್ದರೆ ಎಲ್ಲೋ ಕಾಲ ತಪ್ಪಾಗಿ ಓದಿದ್ದೀರಿ.

ತಿರುವನ್ನು ಗುರುತಿಸುವುದು

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಒಳ್ಳೆಯ ದತ್ತಾಂಶವಿಟ್ಟುಕೊಂಡೂ ತಪ್ಪು ಸಿಎಂಸಿ ಬರುವುದು ಈ ಹಂತದಲ್ಲಿ. ಧಾರಣಾಂಕವು ಮೈಸೆಲ್ ರೂಪದಲ್ಲಿರುವ ಸರ್ಫ್ಯಾಕ್ಟಂಟಿಗೆ, ಅಂದರೆ ಒಟ್ಟು ಸಾರತೆಯಿಂದ ಸಿಎಂಸಿ ಕಳೆದದ್ದಕ್ಕೆ, ನೇರ ಅನುಪಾತದಲ್ಲಿರುತ್ತದೆ. ಹಾಗಾಗಿ ಅದರ ಗ್ರಾಫ್ ಸರಳರೇಖೆ. ಚಲನಶೀಲತೆಯ ಗ್ರಾಫ್ ಸರಳರೇಖೆಯಲ್ಲ. ತಿರುವಿನ ನಂತರ ಕಡಿದಾಗಿ ಏರಿ, ಮೈಸೆಲ್‌ನ ಚಲನಶೀಲತೆಯ ಕಡೆಗೆ ಬಾಗುತ್ತಾ ಹೋಗುತ್ತದೆ. ಆ ಬಾಗಿದ ಭಾಗಕ್ಕೆ ಪಟ್ಟಿಯಿಟ್ಟು ಗೆರೆ ಎಳೆದರೆ ಏನಾಗುತ್ತದೆ ನೋಡಿ.

ಸಿಎಂಸಿ ನಿಜವಾಗಿ 4.0 ಇದೆ, 10 ಮಿಲಿಮೋಲಾರಿನಲ್ಲಿ ಧಾರಣಾಂಕ 0.563 ಇದೆ ಎಂದುಕೊಳ್ಳಿ. ಆಗ 8ರಲ್ಲಿ ಅದು 0.375, 6ರಲ್ಲಿ 0.188. ಇವಕ್ಕೆ ಸರಿಯಾದ ಚಲನಶೀಲತೆಗಳ ಪರಿಮಾಣ ಕ್ರಮವಾಗಿ 1.44, 1.09 ಮತ್ತು 0.63. ಚಲನಶೀಲತೆಯ ಗ್ರಾಫಿನಲ್ಲಿ 8 ಮತ್ತು 10ರ ಬಿಂದುಗಳನ್ನು ಸೇರಿಸಿ ಗೆರೆಯನ್ನು ಕೆಳಗಿಳಿಸಿದರೆ ಅದು ಸೊನ್ನೆಯನ್ನು ಮುಟ್ಟುವುದು ಸುಮಾರು 1.8 ಮಿಲಿಮೋಲಾರಿನಲ್ಲಿ! 6 ಮತ್ತು 8ರ ಬಿಂದುಗಳಿಂದ 3.2 ಬರುತ್ತದೆ. 4.5 ಮತ್ತು 5ರ ಬಿಂದುಗಳಿಂದ ಮಾತ್ರ 3.95 ಸಿಗುತ್ತದೆ. ಅದೇ ಧಾರಣಾಂಕದ ಗ್ರಾಫಿನಲ್ಲಿ ಯಾವ ಎರಡು ಬಿಂದು ತೆಗೆದುಕೊಂಡರೂ ಉತ್ತರ 4.0. ತಿರುವಿಗೆ ಅತಿ ಹತ್ತಿರದ ಬಿಂದುಗಳಿದ್ದರೆ ಮಾತ್ರ ಚಲನಶೀಲತೆಯ ಎರಡು ಗೆರೆಗಳ ಛೇದನವನ್ನು ನಂಬಿ, ಇಲ್ಲದಿದ್ದರೆ ಧಾರಣಾಂಕಕ್ಕೆ ಬದಲಾಯಿಸಿಕೊಳ್ಳಿ.

ಧಾರಣಾಂಕದ ವಿಧಾನಕ್ಕೂ ತನ್ನ ದೌರ್ಬಲ್ಯಗಳಿವೆ. ಅದು ಮೈಸೆಲ್ ಕಾಲವನ್ನು ಬೇಡುತ್ತದೆ, ಕಡಿಮೆ ಸಾರತೆಯಲ್ಲಿ ಸುಡಾನ್ 3ರ ಶಿಖರ ಸ್ಪಷ್ಟವಾಗಿ ಸಿಗುವುದಿಲ್ಲ. 8 ಅಥವಾ 10ರಿಂದ ಮೇಲಿನ ಓಟಗಳಲ್ಲಿ ಮೈಸೆಲ್‌ನ ಚಲನಶೀಲತೆ ಅಳೆದು, ಅದು ಸ್ಥಿರವಾಗಿದ್ದರೆ ಕೆಳಗಿನ ಸಾರತೆಗಳಿಗೂ ಅದನ್ನೇ ಬಳಸಬಹುದು. ಅಲ್ಲದೆ ಸೊನ್ನೆಯ ಸಮೀಪದ ಧಾರಣಾಂಕ ಎರಡು ಹತ್ತಿರದ ಕಾಲಗಳ ವ್ಯತ್ಯಾಸವಾದ್ದರಿಂದ ಅದರಲ್ಲಿನ ದೋಷ ದೊಡ್ಡದು. ರೇಖೆ ಹೊಂದಿಸುವಾಗ ಅಂಥ ಬಿಂದುಗಳಿಗೆ ಕಡಿಮೆ ತೂಕ ಕೊಡಿ. ತೀರ ಹೆಚ್ಚಿನ ಸಾರತೆಗಳಿಂದ ಮಾತ್ರ ಎಳೆದ ಗೆರೆಯೂ ಬೇಡ. 15 ಮತ್ತು 20ರಿಂದ 4ರವರೆಗೆ ಗೆರೆ ಚಾಚಿದರೆ ಇಳಿಜಾರಿನ ಸಣ್ಣ ದೋಷವೂ ಸಿಎಂಸಿಯಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ.

ತಿರುವು ಚೂಪಾಗಿಲ್ಲದಿದ್ದರೆ ಗಾಬರಿ ಬೇಡ. ಮೈಸೆಲ್ ರಚನೆ ಒಂದು ಕ್ಷಣದ ಘಟನೆಯಲ್ಲ, ಸಾರತೆಯ ಒಂದು ಕಿರಿದಾದ ಪಟ್ಟಿಯಲ್ಲಿ ನಡೆಯುವ ಬದಲಾವಣೆ. ಆ ಪಟ್ಟಿಯ ಅಗಲವನ್ನೂ ವರದಿಯಲ್ಲಿ ಬರೆಯಿರಿ.

ಬಂದ ಉತ್ತರವನ್ನು ಪರೀಕ್ಷಿಸುವುದು

ಸೋಡಿಯಂ ಅಯಾನು ಹೆಚ್ಚಾದಷ್ಟೂ ಎಸ್‌ಡಿಎಸ್ ತಲೆಗಳ ನಡುವಿನ ವಿಕರ್ಷಣೆ ತಗ್ಗುತ್ತದೆ, ಸಿಎಂಸಿ ಇಳಿಯುತ್ತದೆ. 25 ಡಿಗ್ರಿಯಲ್ಲಿ 0.02 ಮೋಲಾರ್ ಸೋಡಿಯಂ ಕ್ಲೋರೈಡ್ ಇದ್ದಾಗ ಅದು ಸುಮಾರು 3.8 ಮಿಲಿಮೋಲಾರ್, 0.1 ಮೋಲಾರ್ ಇದ್ದಾಗ ಸುಮಾರು 1.4. ನಮ್ಮ ಬಫರಿನಲ್ಲಿ ಸೋಡಿಯಂ 20 ಮಿಲಿಮೋಲಾರ್ ಇದ್ದದ್ದರಿಂದ 4ರ ಹತ್ತಿರದ ಬೆಲೆಯನ್ನು ನಿರೀಕ್ಷಿಸಬೇಕು. ಬಫರಿನಲ್ಲಿ 8 ಬಂದರೆ ಪುಸ್ತಕದ ಬೆಲೆಯೇ ಬಂತೆಂದು ಸಂತೋಷಪಡುವವರನ್ನು ಕಂಡಿದ್ದೇನೆ. ಅದು ಪ್ರಯೋಗ ತಪ್ಪಿರುವುದರ ಸೂಚನೆ.

ಇನ್ನೂ ಬಲವಾದ ಪರೀಕ್ಷೆಯೆಂದರೆ ಬಫರಿಗೆ ಬೇರೆ ಬೇರೆ ಪ್ರಮಾಣದಲ್ಲಿ ಸೋಡಿಯಂ ಕ್ಲೋರೈಡ್ ಸೇರಿಸಿ ಇಡೀ ಸರಣಿಯನ್ನು ಮತ್ತೆ ಮಾಡುವುದು. ಸಿಎಂಸಿಯ ಲಾಗರಿತಮ್ಮನ್ನು ಒಟ್ಟು ಸೋಡಿಯಂನ ಲಾಗರಿತಮ್ ಎದುರು ಹಾಕಿದರೆ ಇಳಿಯುವ ಸರಳರೇಖೆ ಬರಬೇಕು. ಇದನ್ನು ಕೊರಿನ್ ಮತ್ತು ಹಾರ್ಕಿನ್ಸ್ 1947ರಲ್ಲಿ ತೋರಿಸಿಕೊಟ್ಟರು. ಎಸ್‌ಡಿಎಸ್‌ಗೆ ಇಳಿಜಾರಿನ ಪರಿಮಾಣ 0.6ರಿಂದ 0.7ರ ಆಸುಪಾಸಿನಲ್ಲಿರುತ್ತದೆ ಮತ್ತು ಮೈಸೆಲ್‌ನ ಮೈಗೆ ಎಷ್ಟು ಪಾಲು ಸೋಡಿಯಂ ಅಂಟಿಕೊಂಡಿದೆ ಎಂಬುದರ ಅಂದಾಜನ್ನೂ ಕೊಡುತ್ತದೆ. ಒಂದು ಬೆಲೆ ಆಕಸ್ಮಿಕವಾಗಿ ಸರಿಬರಬಹುದು, ಇಡೀ ರೇಖೆ ಆಕಸ್ಮಿಕವಾಗಿ ಸರಿಬರುವುದಿಲ್ಲ. ಗುರುತು ಅಣುವಿನ ಪ್ರಭಾವ ತಿಳಿಯಲು ನ್ಯಾಫ್ತಲೀನಿನ ಸಾರತೆಯನ್ನು ಅರ್ಧಕ್ಕಿಳಿಸಿ ಕೆಲವು ಓಟ ಮಾಡಿ, ಸಿಎಂಸಿ ಬದಲಾಗಬಾರದು.

ಪ್ರವಾಹದ ವಿಧಾನ

ಬಫರ್ ಇಲ್ಲದ ಶುದ್ಧ ನೀರಿನಲ್ಲಿ ಸಿಎಂಸಿ ಬೇಕೆಂದಾಗ ಇದು ಸುಲಭದ ದಾರಿ. ಗುರುತು ಅಣುವೂ ಬೇಡ, ಡಿಟೆಕ್ಟರೂ ಬೇಡ. ಕ್ಯಾಪಿಲರಿಗೆ ದ್ರಾವಣ ತುಂಬಿ, ವೋಲ್ಟೇಜ್ ಕೊಟ್ಟು, ಒಂದು ನಿಮಿಷದ ನಂತರ ನೆಲೆಗೊಂಡ ಪ್ರವಾಹವನ್ನು ಬರೆದುಕೊಳ್ಳಿ. ಸಿಎಂಸಿ ದಾಟಿದ ಮೇಲೆ ಸೇರಿಸಿದ ಎಸ್‌ಡಿಎಸ್ ಮೈಸೆಲ್‌ಗಳಾಗಿ, ಸೋಡಿಯಂನ ಬಹುಪಾಲನ್ನು ಮೈಗಂಟಿಸಿಕೊಳ್ಳುವುದರಿಂದ ರೇಖೆಯ ಇಳಿಜಾರು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಎರಡು ಗೆರೆಗಳು ಕೂಡುವಲ್ಲಿ ಸಿಎಂಸಿ.

ಇಲ್ಲಿ ಕ್ಯಾಪಿಲರಿಯ ವ್ಯಾಸ ಮುಖ್ಯ. 50 ಮೈಕ್ರೊಮೀಟರಿನದರಲ್ಲಿ 20 ಕಿಲೋವೋಲ್ಟ್ ಕೊಟ್ಟರೂ 8 ಮಿಲಿಮೋಲಾರ್ ಎಸ್‌ಡಿಎಸ್ ಹರಿಸುವುದು ಸುಮಾರು 4 ಮೈಕ್ರೊಆಂಪಿಯರ್ ಮಾತ್ರ. ಉಪಕರಣ ಒಂದು ದಶಮಾಂಶದವರೆಗಷ್ಟೇ ತೋರಿಸಿದರೆ ತಿರುವು ಆ ಒರಟಿನಲ್ಲೇ ಮುಳುಗುತ್ತದೆ. 100 ಮೈಕ್ರೊಮೀಟರಿನದಕ್ಕೆ ಬದಲಾದರೆ ಪ್ರವಾಹ ನಾಲ್ಕು ಪಟ್ಟು ಹೆಚ್ಚಿ 17ರ ಬಳಿಗೆ ಬರುತ್ತದೆ, ಪ್ರತಿ ಮೀಟರಿಗೆ ಶಾಖ ಆಗಲೂ 0.7 ವ್ಯಾಟ್ ದಾಟುವುದಿಲ್ಲ. ಬೋರೇಟ್ ಬಫರಿನಲ್ಲಿ ಈ ವಿಧಾನವನ್ನು ನಾನು ಸಲಹೆ ಮಾಡುವುದಿಲ್ಲ. ಬಫರೇ ಹೊರುವ ಹತ್ತು ಹನ್ನೆರಡು ಮೈಕ್ರೊಆಂಪಿಯರ್‌ಗಳ ಮೇಲೆ ಎಸ್‌ಡಿಎಸ್ ತರುವ ಬದಲಾವಣೆ ತೀರ ಸಣ್ಣದು.

ಬೇರೆ ಸರ್ಫ್ಯಾಕ್ಟಂಟ್‌ಗಳಿಗೆ ಹೊಂದಿಸಿಕೊಳ್ಳುವುದು

ಸಿಟೈಲ್‌ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್, ಅಂದರೆ ಸಿಟಿಎಬಿ, ಧನಾವೇಶದ್ದು. ನೀರಿನಲ್ಲಿ ಇದರ ಸಿಎಂಸಿ ಸುಮಾರು 0.9 ಮಿಲಿಮೋಲಾರ್. ಇದು ಗೋಡೆಗೆ ಎರಡು ಪದರವಾಗಿ ಅಂಟಿಕೊಂಡು ಇಒಎಫ್ ದಿಕ್ಕನ್ನೇ ತಿರುಗಿಸಿಬಿಡುತ್ತದೆ, ಹಾಗಾಗಿ ವೋಲ್ಟೇಜ್‌ನ ಧ್ರುವಗಳನ್ನು ಅದಲುಬದಲು ಮಾಡಬೇಕು. ಈ ತಿರುಗುವಿಕೆ ಸಿಎಂಸಿಗಿಂತ ಕೆಳಗೇ ನಡೆಯುತ್ತದೆ. ಅದು ಗೋಡೆಯ ಮೇಲಿನ ಘಟನೆ. ಅದನ್ನು ದ್ರಾವಣದ ಸಿಎಂಸಿ ಎಂದು ಬರೆಯಬಾರದು. ಬ್ರೋಮೈಡ್ 214 ನ್ಯಾನೋಮೀಟರಿನಲ್ಲಿ ತಾನೇ ಬೆಳಕು ಹೀರುವುದರಿಂದ 254 ಅಥವಾ 276ರಲ್ಲಿ ನೋಡಿ. 25 ಡಿಗ್ರಿಯಲ್ಲಿ ಸಿಟಿಎಬಿ ಹರಳಾಗುವ ಅಂಚಿನಲ್ಲಿರುತ್ತದೆ, 30 ಡಿಗ್ರಿಯಲ್ಲಿ ಕೆಲಸ ಮಾಡುವುದು ಸುರಕ್ಷಿತ.

ಟ್ರೈಟಾನ್ ಎಕ್ಸ್-100, ಬ್ರಿಜ್-35ರಂಥವುಗಳ ಮೈಸೆಲ್‌ಗೆ ವಿದ್ಯುದಾವೇಶವೇ ಇಲ್ಲ, ನ್ಯಾಫ್ತಲೀನ್ ಒಳಹೊಕ್ಕರೂ ವೇಗ ಬದಲಾಗದು. ಇಲ್ಲಿ ಲೆಕ್ಕಾಚಾರ ತಲೆಕೆಳಗು. ವಿದ್ಯುದಾವೇಶವಿರುವ, ಮೈಸೆಲ್‌ಗೆ ಸೇರಬಲ್ಲ ಗುರುತು ಅಣುವನ್ನು ಆರಿಸಿ. ಮೈಸೆಲ್ ಹುಟ್ಟಿದ ಮೇಲೆ ಅದರ ಚಲನಶೀಲತೆ ಕುಗ್ಗುತ್ತದೆ. ಟ್ರೈಟಾನ್ ಸ್ವತಃ ನೇರಳಾತೀತ ಬೆಳಕು ಹೀರುವುದರಿಂದ ಆರಂಭಕ್ಕೆ ಬ್ರಿಜ್ ಮೇಲು.

ನಮ್ಮ ಊರುಗಳ ಅಂಟುವಾಳದ ಸಪೊನಿನ್‌ಗಳ ಮೇಲೆ ಈ ಪ್ರಯೋಗ ಮಾಡಬಯಸುವ ವಿದ್ಯಾರ್ಥಿಗಳಿಗೆ ಒಂದು ಮಾತು. ಅದು ಒಂದು ವಸ್ತುವಲ್ಲ, ಅನೇಕ ಸಪೊನಿನ್‌ಗಳ ಮಿಶ್ರಣ. ಅಣುತೂಕ ಒಂದೇ ಇಲ್ಲದ ಕಾರಣ ಸಾರತೆಯನ್ನು ಲೀಟರಿಗೆ ಇಷ್ಟು ಗ್ರಾಂ ಎಂದೇ ಬರೆಯಿರಿ. ಅವುಗಳಲ್ಲಿ ಮುಖ್ಯವಾದವುಗಳಿಗೆ ಕಾರ್ಬಾಕ್ಸಿಲ್ ಗುಂಪಿರುವುದರಿಂದ ಬೋರೇಟ್ ಬಫರಿನಲ್ಲಿ ಮೈಸೆಲ್ ಋಣಾವೇಶ ಪಡೆಯುತ್ತದೆ, ನ್ಯಾಫ್ತಲೀನ್ ವಿಧಾನ ಅನ್ವಯಿಸುತ್ತದೆ. ಕಾಯಿಯ ಕಷಾಯದಲ್ಲಿನ ಬಣ್ಣ ಮತ್ತು ಉಪ್ಪನ್ನು ಮೊದಲು ತೆಗೆಯಿರಿ. ತಿರುವು ಅಗಲವಾಗಿಯೇ ಬರುತ್ತದೆ, ಒಂದು ಬಿಂದುವಿನ ಬದಲು ವ್ಯಾಪ್ತಿಯನ್ನು ಕೊಡುವುದು ಸರಿ.

ವರದಿ ಮತ್ತು ಉಪಕರಣದ ಪಾಲನೆ

ಸಿಎಂಸಿಯ ಪಕ್ಕದಲ್ಲೇ ಬಫರ್ ಮತ್ತು ಅದರ ಸೋಡಿಯಂ ಸಾರತೆ, ಪಿಎಚ್, ಉಷ್ಣತೆ, ಗುರುತು ಅಣು ಮತ್ತು ಅದರ ಸಾರತೆ, ಮೆಥನಾಲ್‌ನ ಶೇಕಡಾ ಪ್ರಮಾಣ, ವೋಲ್ಟೇಜ್, ಪ್ರವಾಹ, ಹಾಗೂ ತಿರುವನ್ನು ಯಾವ ಲೆಕ್ಕದಿಂದ ಕಂಡುಕೊಂಡಿರಿ ಎಂಬುದನ್ನು ಬರೆಯಿರಿ. ಎಳೆದ ಗೆರೆಗೆ ಯಾವ ಬಿಂದುಗಳನ್ನು ಬಳಸಿದಿರಿ ಎಂಬುದೂ ಗ್ರಾಫಿನಲ್ಲಿ ಕಾಣಬೇಕು.

ದಿನದ ಕೊನೆಗೆ ಕ್ಯಾಪಿಲರಿಯಲ್ಲಿ ಎಸ್‌ಡಿಎಸ್ ಬಿಡಬೇಡಿ. 0.1 ಮೋಲಾರ್ ಹೈಡ್ರಾಕ್ಸೈಡ್ 5 ನಿಮಿಷ, ನೀರು 10 ನಿಮಿಷ ಹಾಯಿಸಿ, ಮರುದಿನವೂ ಕೆಲಸವಿದ್ದರೆ ಎರಡೂ ತುದಿಗಳನ್ನು ನೀರಿನ ವಯಲ್‌ಗಳಲ್ಲಿ ಅದ್ದಿಡಿ. ವಾರಗಟ್ಟಲೆ ಬಿಡುವುದಾದರೆ ಗಾಳಿ ಹಾಯಿಸಿ ಒಣಗಿಸಿ. ಸಿಟಿಎಬಿ ಓಡಿಸಿದ ಕ್ಯಾಪಿಲರಿಯನ್ನು ಮತ್ತೆ ಎಸ್‌ಡಿಎಸ್‌ಗೆ ಬಳಸಬೇಡಿ. ಗೋಡೆಯಿಂದ ಅದು ಪೂರ್ತಿ ಬಿಡುವುದಿಲ್ಲ, ವಿರುದ್ಧ ಆವೇಶದ ಎರಡು ಸರ್ಫ್ಯಾಕ್ಟಂಟ್‌ಗಳು ಸೇರಿದರೆ ಗಸಿಯಾಗುತ್ತದೆ. ಎರಡಕ್ಕೂ ಬೇರೆ ಬೇರೆ ಕ್ಯಾಪಿಲರಿ ಇಟ್ಟು, ತುದಿಗೆ ಹೆಸರಿನ ಚೀಟಿ ಅಂಟಿಸಿ.